ನಮ್ಮನೆ ಗೌರಿ ಮ್ಯೂಸಿಯಂಗೆ ಹೋಗಿದ್ದರೆ

ಮೂರು ವರ್ಷದ ಹಿಂದೆ, ಗೌರಿ ಹುಣ್ಣಿಮೆಗೆ ಇನ್ನೆರಡು ದಿನ ಇದ್ದಾಗ ನಾನೊಂದು ತಪ್ಪು ಮಾಡಿದೆ. ದೇವರ ಜಗಲಿ ಮೇಲಿದ್ದ ಕಿನ್ನಾಳದ ಗೌರಿಯನ್ನು ಕೆಳಗಿಳಿಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ವರ್ಷಗಟ್ಟಲೆ ಕೂತ ಧೂಳು, ದೀಪದ ಮಸಿ, ಎಣ್ಣೆ ಜಿಡ್ಡು ಹೋಗಲಿ ಅಂತ ನೀರಿಗೆ ಸ್ವಲ್ಪ ಸೋಪೂ ಹಾಕಿದ್ದೆ. ಮೊದಲ ಸಲ ಒರೆಸಿದಾಗ ಕೆನ್ನೆ ಹೊಳೆಯಿತು. ಎರಡನೇ ಸಲಕ್ಕೆ ಸೀರೆಯಂಚಿನ ಕೆಂಪು ಬಣ್ಣ ಉಗುರಿನಷ್ಟಗಲ ಎದ್ದು ಬಟ್ಟೆಗೆ ಅಂಟಿಕೊಂಡು ಬಂತು. ಅದರ ಕೆಳಗೆ ಬಿಳಿ. ಬಿಳಿಯ ಕೆಳಗೆ ಎಳೆ ಎಳೆಯಾಗಿ ಕಾಣುವ ಹತ್ತಿ ಬಟ್ಟೆ.

"ಅದಕ್ಕ ನೀರು ಮುಟ್ಟಿಸಬ್ಯಾಡ್ರಿ ಅಂತ ನಿಮ್ಮಜ್ಜಿ ಬಡಕೊಂತಿದ್ಲು" ಅಂದಳು ಅವ್ವ. ಆಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಜ್ಜಿ ಹಾಗೆ ಯಾಕೆ ಹೇಳುತ್ತಿದ್ದಳು ಅನ್ನೋದು ಆಮೇಲೆ ತಿಳಿಯಿತು. ಕೊಪ್ಪಳದಿಂದ ಸುಮಾರು 13 ಕಿ.ಮೀ. ದೂರದ ಕಿನ್ನಾಳದಲ್ಲಿ ಚಿತ್ರಗಾರರು ಈ ಮೂರ್ತಿಗಳನ್ನು ಮಾಡುವ ರೀತಿಯೇ ಬೇರೆ. ಹಗುರವಾದ ಮರವನ್ನು ಕೆತ್ತಿ, ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಮರದ ಹೊಟ್ಟು, ಅದೇ ಹುಣಸೆ ಬೀಜದ ಅಂಟು, ಇವನ್ನು ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಂಡು. ಬಟ್ಟೆಯ ಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ. ಕೊನೆಗೆ ಬಣ್ಣ. ಗೋಡೆಗೆ ಗಿಲಾವು ಮಾಡಿ ಸುಣ್ಣ ಬಳಿದ ಹಾಗೆ. ನಾವು ನೋಡುವ ಗೌರಿ ಅಂದರೆ ಮೇಲಿನ ಕೂದಲೆಳೆಯಷ್ಟು ದಪ್ಪದ ಬಣ್ಣ ಮಾತ್ರ. ಅದನ್ನು ಹಿಡಿದಿಟ್ಟಿರುವುದು ನೀರು ಕಂಡರೆ ಮೆತ್ತಗಾಗುವ ಅಂಟು. ನಾನು ಹಾಕಿದ್ದು ಸೋಪಿನ ನೀರು!

ಅಲ್ಲಿಂದ ನನಗೊಂದು ಚಟ ಹತ್ತಿಕೊಂಡಿತು. ಮ್ಯೂಸಿಯಂಗೆ ಹೋದರೆ ವಸ್ತುವಿನ ಬೆನ್ನು ನೋಡುತ್ತೇನೆ, ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಏನಿಟ್ಟಿದ್ದಾರೆ ಅಂತ ಬಗ್ಗಿ ನೋಡುತ್ತೇನೆ. ಗೊತ್ತಿರುವವರು ಸಿಕ್ಕರೆ ತಲೆ ತಿನ್ನುತ್ತೇನೆ. ನಮ್ಮ ಕಣ್ಣಿಗೆ ಬೀಳುವ ಸಾಲು ಸಾಲು ಮೂರ್ತಿಗಳ ಹಿಂದೆ ನಡೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಕೈ ಬಿಗಿಹಿಡಿಯುವ ಕೆಲಸ. ಒರೆಸದೆ ಇರುವುದು, ಬಣ್ಣ ಹಚ್ಚದೆ ಇರುವುದು, ಹೊಳಪು ತರದೆ ಇರುವುದು. ಸುಮ್ನೆ ಇರೋದಕ್ಕೆ ಇಷ್ಟೊಂದು ಓದು ಬೇಕಾ ಅನಿಸುತ್ತೆ ಅಲ್ವಾ? ನಮ್ಮ ಗೌರಿಯನ್ನೇ ಒಂದು ಮ್ಯೂಸಿಯಂಗೆ ಕಳಿಸಿ ನೋಡೋಣ.

ಬಂದ ದಿನವೇ ಅವಳನ್ನು ಉಳಿದ ವಸ್ತುಗಳ ಜೊತೆ ಸೇರಿಸುವುದಿಲ್ಲ. ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಮರದ ವಸ್ತು ಅಂದರೆ ಒಳಗೆ ಕುಟ್ಟೆ ಹುಳು ಇರಬಹುದು. ಒಂದು ಗೌರಿಯಿಂದ ಇಡೀ ಕೋಣೆಯ ಮರದ ಸಾಮಾನಿಗೆ ಹಬ್ಬುತ್ತದೆ, ಜೋಳದ ಚೀಲಕ್ಕೆ ನುಸಿ ಹತ್ತಿದ ಹಾಗೆ. ಹುಳು ಬದುಕಿದೆಯೋ ಇಲ್ಲವೋ ಅಂತ ನೋಡುವ ಉಪಾಯ ಬಹಳ ಸರಳ. ಮೂರ್ತಿಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡುತ್ತಾರೆ. ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಯಾರೋ ಊಟ ಮಾಡುತ್ತಿದ್ದಾರೆ ಅಂತ ಅರ್ಥ. ಆಗ ಔಷಧಿ ಹೊಡೆಯುವ ಬದಲು ಗಾಳಿಯಾಡದ ಚೀಲದಲ್ಲಿ ಮೂರ್ತಿಯನ್ನಿಟ್ಟು, ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಅಂಚನ್ನು ಬೆಸೆದುಬಿಡುತ್ತಾರೆ. ಒಳಗಿನ ಆಮ್ಲಜನಕ ಶೇ. 1ಕ್ಕಿಂತ ಕೆಳಗಿಳಿದು ಸುಮಾರು ಮೂರು ವಾರ ಹಾಗೇ ಇದ್ದರೆ ಹುಳು, ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ಬಣ್ಣಕ್ಕೆ ಒಂದು ಹನಿ ರಾಸಾಯನಿಕವೂ ತಾಗುವುದಿಲ್ಲ.

ಅಷ್ಟರಲ್ಲಿ ಕಾಗದದ ಕೆಲಸ ಶುರುವಾಗಿರುತ್ತದೆ. ಇದು ಬೇಸರದ ಕೆಲಸ, ಆದರೆ ಇದು ಕೆಟ್ಟರೆ ಮುಂದಿನದೆಲ್ಲ ಕೆಟ್ಟ ಹಾಗೆ. ಯಾರ ಮನೆಯದು, ಎಲ್ಲಿ ಮಾಡಿದ್ದು, ಯಾವಾಗ ಪೂಜೆಗೆ ಕೂತಳು, ಯಾರಾದರೂ ಮತ್ತೆ ಬಣ್ಣ ಹಚ್ಚಿಸಿದ್ದರಾ, ಎಲ್ಲ ಬರೆದುಕೊಳ್ಳುತ್ತಾರೆ. 100 ವರ್ಷ ದಾಟಿದ ಮೂರ್ತಿಯಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಲೆಕ್ಕವೂ ಬರುತ್ತದೆ. ಹಸ್ತಪ್ರತಿಗಾದರೆ 75 ವರ್ಷ ಸಾಕು.

ಈ ಬರಹ ಯಾಕೆ ಮುಖ್ಯ ಅನ್ನೋದನ್ನು ಬಳ್ಳಾರಿಯ ಕಲ್ಲುಗಳು ಚೆನ್ನಾಗಿ ಹೇಳುತ್ತವೆ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಸಾವಿರಾರು ವರ್ಷಗಳ ಹಿಂದೆ, ನವಶಿಲಾಯುಗದಲ್ಲಿ, ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಈ ಸೀಮೆಯ ಹಳೇ ಕಲ್ಲಿನ ಉಪಕರಣಗಳ ಕಡೆ ಕಣ್ಣು ಹಾಯಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಊರಲ್ಲೊಂದು ಮ್ಯೂಸಿಯಂ ಕೂಡ ಇದೆ. ಅಲ್ಲಿಯಂಥದ್ದೇ ಒಂದು ಕೊಡಲಿ ನಿಮ್ಮ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಯಾವ ಗುಡ್ಡದ ಯಾವ ಗುಂಡಿಯಲ್ಲಿ, ಎಷ್ಟು ಆಳದಲ್ಲಿ, ಯಾವ ವಸ್ತುವಿನ ಪಕ್ಕ ಸಿಕ್ಕಿತು ಅನ್ನೋ ಚೀಟಿ ಇದ್ದರೆ ಅದು ಆ ಕಾಲದ ಜನರ ಬಗ್ಗೆ ಏನಾದರೂ ಹೇಳುತ್ತದೆ. ಚೀಟಿ ಕಳೆದುಹೋದರೆ? ಒಂದು ಚೂಪಾದ ಕರಿಕಲ್ಲು. ಕಲ್ಲು ಒಡೆದಿಲ್ಲ, ಸವೆದಿಲ್ಲ, ಆದರೂ ಹಾಳಾಯಿತು.

ಅದಕ್ಕೇ ಚೀಟಿಯನ್ನೇ ನಂಬುವುದಿಲ್ಲ, ವಸ್ತುವಿನ ಮೇಲೂ ನಂಬರ್ ಬರೆಯುತ್ತಾರೆ. ಬರೆಯುವ ರೀತಿ ನೋಡಲಿಕ್ಕೆ ಚೆಂದ. ಗೌರಿಯ ಪೀಠದ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ ಬೆರಳುಗುರಿನಷ್ಟು ಜಾಗಕ್ಕೆ ಬಳಿಯುತ್ತಾರೆ. ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ನಂಬರ್. ಮತ್ತೆ ಮೇಲೊಂದು ಪದರ. ಶಾಯಿ ಮರಕ್ಕೆ ತಾಗುವುದೇ ಇಲ್ಲ. ನಾಳೆ ಬೇಡ ಅನಿಸಿದರೆ ಅಸಿಟೋನ್ ಮುಟ್ಟಿಸಿ ತೆಗೆಯಬಹುದು. ಆದರೆ ಅದಕ್ಕೂ ಮುಂಚೆ ಆ ಜಾಗದಲ್ಲಿ ಬಣ್ಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅಸಿಟೋನ್ ಕೆಲವು ಬಣ್ಣವನ್ನೂ ಕರಗಿಸುತ್ತದೆ. ಬಣ್ಣ ಇದ್ದರೆ ಸುಮ್ನೆ ಒಂದು ಚೀಟಿಯನ್ನು ಹತ್ತಿ ದಾರದಿಂದ ಕಟ್ಟುತ್ತಾರೆ. 'ಮಾಡಿದ್ದನ್ನು ಮತ್ತೆ ತೆಗೆಯಲು ಬರಬೇಕು' ಅನ್ನೋದು ಈ ಕೆಲಸದವರು ಮಂತ್ರದ ಹಾಗೆ ಹೇಳುವ ಮಾತು.

ಇನ್ನು ತಪಾಸಣೆ. ಇದಕ್ಕೆ ಬೇಕಾದ ಮೊದಲ ಸಾಧನ ಟಾರ್ಚ್. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೂರ್ತಿಯ ಮೈಗೆ ಸಮನಾಗಿ, ಬದಿಯಿಂದ ಹಿಡಿಯಬೇಕು. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಕೆನ್ನೆ ಮೇಲೆ ಆಗ ಗುಳ್ಳೆ, ಬಿರುಕು, ಎದ್ದು ನಿಂತ ಪಕಳೆ ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ನಾನು ಇದನ್ನು ಮನೆಯಲ್ಲಿ ಮಾಡಿ ನೋಡಿದೆ. ನಾನು ಒರೆಸಿದ ಜಾಗವಷ್ಟೇ ಅಲ್ಲ, ಅವಳ ಇಡೀ ಎಡ ಮಗ್ಗುಲು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಅಲ್ಲಿಗೆ ಕಿಟಕಿಯ ಬಿಸಿಲು ಬೀಳುತ್ತದೆ.

ಟಾರ್ಚ್ ಆದ ಮೇಲೆ ನೇರಳಾತೀತ ದೀಪ. ಹಳೇ ವಾರ್ನಿಷ್, ಆಮೇಲೆ ತೇಪೆ ಹಾಕಿದ ಬಣ್ಣ ಅದರಡಿ ಬೇರೆ ಬೇರೆ ರೀತಿ ಹೊಳೆಯುತ್ತವೆ. ತೀರಾ ಬೇಕಾದರೆ ಮಾತ್ರ ಸಾಸಿವೆ ಕಾಳಿಗಿಂತ ಸಣ್ಣ ಚೂರೊಂದನ್ನು, ಮೊದಲೇ ಒಡೆದ ಅಂಚಿನಿಂದ ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿ ಗೌರಿಯ ಇಡೀ ಆಯುಷ್ಯ ಗೆರೆ ಗೆರೆಯಾಗಿ ಕಾಣುತ್ತದೆ: ಬಿಳಿ ಲೇಪ, ಮೊದಲ ಕೆಂಪು, ಕರ್ರಗಿನ ಒಂದು ಮಸಿಯ ಗೆರೆ, ಅದರ ಮೇಲೆ ಮತ್ತೊಂದು ಕೆಂಪು. ಎರಡನೇ ಕೆಂಪು ದಪ್ಪಗಿದ್ದರೆ ಯಾರೋ ಒಬ್ಬರು ಅಂಗಡಿಯಿಂದ ಎನಾಮಲ್ ಪೇಂಟ್ ತಂದು ಬಳಿದಿದ್ದಾರೆ.

ಜಗಳ ಶುರುವಾಗುವುದು ಇಲ್ಲೇ. ಆ ಎನಾಮಲ್ ತೆಗೆಯಬೇಕಾ, ಬಿಡಬೇಕಾ?

ಮೂಲ ಬಣ್ಣ ಕೆಳಗೆ ಚೆನ್ನಾಗಿದ್ದರೆ ತೆಗೆಯೋಣ ಅಂತ ಒಬ್ಬರು. ಅದೂ ಈ ಮೂರ್ತಿಯ ಬದುಕೇ ತಾನೇ ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ಹುರುಳಿದೆ. ಪೂಜೆಯ ಮೂರ್ತಿಗೆ, ತೇರಿನ ಗೊಂಬೆಗೆ, ಗುಡಿಯ ಗರುಡ ವಾಹನಕ್ಕೆ ಆಗಾಗ ಬಣ್ಣ ಹಚ್ಚುವುದು ನಮ್ಮ ಕಡೆ ಸೇವೆ. ಬಣ್ಣ ಹೋದ ದೇವರನ್ನು ಹಾಗೇ ಕೂರಿಸಿದರೆ ಊರಿಗೆ ಅವಮಾನ. ಚಿತ್ರಗಾರರ ಕಣ್ಣಲ್ಲಿ ಹಳೇದನ್ನು ಕೆರೆದು ಹೊಸದಾಗಿ ಬರೆಯುವುದೇ ಸರಿಯಾದ ದುರಸ್ತಿ. ಮ್ಯೂಸಿಯಂನಲ್ಲಿ ಅದೇ ಕೆಲಸ ಅಪರಾಧದ ಹಾಗೆ. ಯಾಕಂದರೆ ಅಲ್ಲಿಗೆ ಬಂದವಳು ಪೂಜೆಗೆ ಬಂದಿಲ್ಲ, ಸಾಕ್ಷಿ ಹೇಳಲು ಬಂದಿದ್ದಾಳೆ. ಸಾಕ್ಷಿಯ ಬಾಯಿಗೆ ನಾವು ಮಾತು ತುರುಕಬಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಎನಾಮಲ್ ಅನ್ನು ಬಿಡುವವರ ಕಡೆಗೇ ನಾನು. ಅದನ್ನು ತೆಗೆಯುವ ದ್ರಾವಣಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ.

ಇದಕ್ಕೊಂದು ಮೋಸದ ಉದಾಹರಣೆ ಇದೆ. ಬಣ್ಣದ ಮರದ ಕೆಲಸದಲ್ಲಿ ಹಿಂದೆ ಬಂಗಾರ ತರುವ ಒಂದು ಅಗ್ಗದ ಉಪಾಯ ಇತ್ತು. ಬೆಳ್ಳಿಯ ಹಾಗೆ ಹೊಳೆಯುವ ತವರವನ್ನು ಹಚ್ಚಿ, ಮೇಲೆ ಹಳದಿ ಛಾಯೆಯ ವಾರ್ನಿಷ್ ಬಳಿದರೆ ಆಯಿತು, ದೂರದಿಂದ ಅಪ್ಪಟ ಬಂಗಾರ. ಈಗ ಗೊತ್ತಿಲ್ಲದವರೊಬ್ಬರು ಆ ಹಳದಿಯನ್ನು ಹಳೇ ಜಿಡ್ಡು ಅಂದುಕೊಂಡು ದ್ರಾವಣ ಹಾಕಿ ಒರೆಸಿದರು ಅಂತಿಟ್ಟುಕೊಳ್ಳಿ. ಬಂಗಾರದ ಕಿರೀಟ ಹೋಗಿ ತಗಡಿನ ಕಿರೀಟ ಉಳಿಯುತ್ತದೆ. ಕೊಳೆ ಚೆನ್ನಾಗಿ ಹೋಯಿತು!

ಹಾಗಾದರೆ ಸ್ವಚ್ಛ ಮಾಡೋದೇ ಇಲ್ವಾ? ಮಾಡುತ್ತಾರೆ, ಆದರೆ ಆಮೆಯ ವೇಗದಲ್ಲಿ. ಮೊದಲು ಒಣ ಕುಂಚ. ಮೆತ್ತನೆಯ ಕೂದಲಿನ ಕುಂಚದಿಂದ ಧೂಳನ್ನು ವ್ಯಾಕ್ಯೂಮ್ ಕ್ಲೀನರ್ ಬಾಯಿಯ ಕಡೆ ತಳ್ಳುತ್ತಾರೆ. ಬಾಯಿಗೆ ಸೊಳ್ಳೆ ಪರದೆಯಂಥ ಬಲೆ ಕಟ್ಟಿರುತ್ತಾರೆ, ಎದ್ದ ಪಕಳೆ ಒಳಗೆ ಹೋಗಿಬಿಡಬಾರದಲ್ಲ. ಬಳ್ಳಾರಿ, ಸಂಡೂರು ಕಡೆಯವರಿಗೆ ಧೂಳಿನ ಬಗ್ಗೆ ಹೇಳಿಕೊಡಬೇಕಿಲ್ಲ. ಅದಿರಿನ ಕೆಂಪು ಧೂಳು ಬಿಳಿ ಅಂಗಿಗೆ ಕೂತರೆ ಮೂರು ಸಲ ಒಗೆದರೂ ಹೋಗಲ್ಲ. ಅದರ ಕಣ ಕಬ್ಬಿಣದ ಅದಿರಿನದು, ಮೂರ್ತಿಯ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಬಟ್ಟೆಯಿಂದ ಉಜ್ಜಿದರೆ ಪಾಲಿಶ್ ಪೇಪರ್ ಉಜ್ಜಿದ ಹಾಗೆ. ಅದಕ್ಕೇ ಒರೆಸುವುದಿಲ್ಲ, ಎಬ್ಬಿಸುತ್ತಾರೆ.

ಆಮೇಲೂ ಜಿಡ್ಡು ಉಳಿದರೆ ಕಡ್ಡಿಗೆ ಹತ್ತಿ ಸುತ್ತಿ, ತುಸುವೇ ತೇವ ಮಾಡಿ, ಉಜ್ಜದೆ ಉರುಳಿಸುತ್ತಾರೆ. ಒಂದೊಂದು ಬಣ್ಣಕ್ಕೂ ಬೇರೆ ಪರೀಕ್ಷೆ, ಅದೂ ಬೆನ್ನ ಹಿಂದೆ, ಎಳ್ಳು ಕಾಳಿನಷ್ಟು ಜಾಗದಲ್ಲಿ. ಕೆಂಪು ತಡೆದುಕೊಂಡಿತು ಅಂದ ಮಾತ್ರಕ್ಕೆ ಹಸಿರು ತಡೆದುಕೊಳ್ಳುತ್ತೆ ಅಂತೇನಿಲ್ಲ. ಹತ್ತಿಯನ್ನು ಯಾವುದರಿಂದ ತೇವ ಮಾಡುತ್ತಾರೆ ಗೊತ್ತಾ? ಎಷ್ಟೋ ದೇಶಗಳಲ್ಲಿ ಉಗುಳಿನಿಂದ! ತಮಾಷೆಯಲ್ಲ. ಉಗುಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇರುತ್ತದೆ, ಮೇಲ್ಮೈಗೆ ಪೆಟ್ಟಾಗದ ಹಾಗೆ ಕೊಳೆ ಬಿಡಿಸುತ್ತದೆ. ಪೋರ್ಚುಗಲ್‌ನ ಸಂಶೋಧಕರು ಅದನ್ನು ಪ್ರಯೋಗ ಮಾಡಿಯೇ ತೋರಿಸಿದರು. 2018ರಲ್ಲಿ ಅವರಿಗೆ ಇಗ್ನೊಬೆಲ್ ಅನ್ನೋ ನಗೆಯ ಪ್ರಶಸ್ತಿಯೂ ಬಂತು. ಇದನ್ನು ಅವ್ವನಿಗೆ ಹೇಳಿದೆ. "ಗೌರವ್ವಗ ಎಂಜಲಾ?" ಅಂತ ನನ್ನ ಮುಖ ನೋಡಿದ ರೀತಿಗೆ ಆ ವಿಷಯ ಅಲ್ಲಿಗೇ ಬಿಟ್ಟೆ. ಪ್ರಯೋಗಾಲಯದಲ್ಲಿ ತಯಾರಿಸಿದ ಕಿಣ್ವದ ದ್ರಾವಣಗಳೂ ಇವೆ, ನಮ್ಮ ದೇವರುಗಳಿಗೆ ಅದೇ ವಾಸಿ.

ಹುಣಸೆಯ ಮಾತು ಬಂತಲ್ಲ, ಅದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಹುಣಸೆ ಬೀಜ ಗೌರಿಯನ್ನು ಹಿಡಿದಿಟ್ಟಿದೆ. ಹುಣಸೆ ಹಣ್ಣು ಎಷ್ಟೋ ಹಳೇ ನಾಣ್ಯಗಳನ್ನು ಹಾಳು ಮಾಡಿದೆ. ಹೊಲ ಉಳುವಾಗ ಸಿಕ್ಕ ತಾಮ್ರದ ಕಾಸನ್ನು ಮನೆಗೆ ತಂದು, ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ತಂಬಿಗೆಯ ಹಾಗೆ ಫಳಫಳ ಮಾಡುತ್ತೇವೆ. ಆ ಹಸಿರು-ಕಂದು ಪದರದಲ್ಲೇ ಅಕ್ಷರ, ಚಿತ್ರ ಉಳಿದಿರುತ್ತದೆ. ಹುಳಿ ಅದನ್ನು ತಿಂದರೆ ನಾಣ್ಯ ಬೋಳು. ಉಪ್ಪಿನಲ್ಲಿರುವ ಕ್ಲೋರೈಡ್ ಒಳಗೇ ಉಳಿದರೆ ಇನ್ನೂ ಕಷ್ಟ. ತೇವ ಸಿಕ್ಕಾಗಲೆಲ್ಲ ತಿಳಿ ಹಸಿರು ಪುಡಿ ಉದುರುತ್ತಾ ಲೋಹವೇ ಸವೆಯುತ್ತದೆ.

ಮತ್ತೆ ಗೌರಿಗೆ ಬರೋಣ. ಎದ್ದ ಪಕಳೆಯ ಅಡಿಗೆ ಸಣ್ಣ ಸೂಜಿಯಿಂದ ಒಂದು ಹನಿ ತೆಳು ಅಂಟು ಬಿಟ್ಟು, ಅಂಟಿಕೊಳ್ಳದ ಕಾಗದ ಇಟ್ಟು, ಮೇಲೆ ಪುಟ್ಟ ಮರಳಿನ ಚೀಲ ಹೇರುತ್ತಾರೆ. ಒಂದು ಪಕಳೆಗೆ ಅರ್ಧ ಗಂಟೆ ಹೋಗಬಹುದು. ಬಣ್ಣ ಪೂರ್ತಿ ಉದುರಿದ ಕಡೆ ಏನು ಮಾಡುವುದು? ಖಾಲಿ ಬಿಡಬಹುದು. ತುಂಬಲೇಬೇಕು ಅಂದರೆ ರೋಮ್‌ನಲ್ಲಿ ಬೆಳೆದ ಒಂದು ಪದ್ಧತಿ ಇದೆ, ಕೂದಲೆಳೆಯಂಥ ಉದ್ದುದ್ದ ಗೆರೆಗಳಿಂದ ಬಣ್ಣ ತುಂಬುವುದು. ಆರು ಅಡಿ ದೂರ ನಿಂತರೆ ಕಣ್ಣಿಗೆ ಗಾಯ ಕಾಣಬಾರದು, ಆರು ಇಂಚು ಹತ್ತಿರ ಬಂದರೆ ಯಾವುದು ಹಳೇದು ಯಾವುದು ಹೊಸದು ಅಂತ ಯಾರಿಗಾದರೂ ಗೊತ್ತಾಗಬೇಕು. ಸೀರೆಗೆ ರಫು ಹಾಕುವವರು ಕಾಣದ ಹಾಗೆ ಹಾಕುತ್ತಾರೆ. ಇವರು ಬೇಕಂತಲೇ ಸ್ವಲ್ಪ ಕಾಣಿಸುವ ಹಾಗೆ ಹಾಕುತ್ತಾರೆ.

ಇಷ್ಟೆಲ್ಲ ಮಾಡಿಯೂ ಅವಳನ್ನು ತಪ್ಪು ಕೋಣೆಯಲ್ಲಿಟ್ಟರೆ ಎರಡು ಬೇಸಿಗೆಗೆ ಎಲ್ಲ ನೀರುಪಾಲು. ನಮ್ಮ ಭಾಗದ ದೊಡ್ಡ ಶತ್ರು ಬಿಸಿಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಿಸಿಲಿಗಿಂತ ಜಾಸ್ತಿ ಕಾಡುವುದು ಏರಿಳಿತ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುತ್ತೆ, ಬೇಸಿಗೆಯಲ್ಲಿ ಮಂಚದ ಕೀಲು ಸಡಿಲಾಗುತ್ತೆ, ಅಲ್ವಾ? ಮರ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಬಣ್ಣದ ಪದರಕ್ಕೆ ಹಾಗೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಅದು ಬಿರುಕು ಬಿಡುತ್ತದೆ.

ಈಗ ಏಪ್ರಿಲ್ ತಿಂಗಳ ರಾಯಚೂರನ್ನು ನೆನಪಿಸಿಕೊಳ್ಳಿ. ಹೊರಗೆ 40 ಡಿಗ್ರಿ ದಾಟಿದ ಒಣ ಗಾಳಿ. ಸಿಬ್ಬಂದಿಗೆ, ಬಂದವರಿಗೆ ತಂಪಾಗಲಿ ಅಂತ ಕೂಲರ್ ಹಾಕುತ್ತಾರೆ. ಕೂಲರ್ ಅಂದರೆ ನೀರಿನ ಗಾಳಿ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೋಣೆ ತೇವ, ಬೀಗ ಹಾಕಿದ ಮೇಲೆ ಮತ್ತೆ ಒಣ. ಮರದ ಮೂರ್ತಿ ದಿನಕ್ಕೊಂದು ಸಲ ಉಬ್ಬಿ ಕುಗ್ಗುತ್ತದೆ. ಮನುಷ್ಯರಿಗೆ ಹಿತ, ಗೌರಿಗೆ ದಿನಾ ಮಳೆಗಾಲ, ದಿನಾ ಬೇಸಿಗೆ. ರಾತ್ರಿ ಎಸಿ ಬಂದ್ ಮಾಡುವ ಕಡೆಯೂ ಇದೇ ಕಥೆ. ಇದಕ್ಕಿಂತ ಏನೂ ಇಲ್ಲದ, ದಪ್ಪ ಗೋಡೆಯ ಹಳೇ ಕಟ್ಟಡವೇ ಒಳ್ಳೇದು. ರಾಯಚೂರು ಕೋಟೆಯ ನವರಂಗ ದರ್ವಾಜದ ಮ್ಯೂಸಿಯಂನಲ್ಲಿ ಶಿಲ್ಪಗಳನ್ನಿಟ್ಟಿದ್ದಾರೆ. ಅಂಥ ಕಲ್ಲಿನ ಗೋಡೆಗಳು ಬಿಸಿಯನ್ನು ನಿಧಾನವಾಗಿ ಒಳಗೆ ಬಿಡುತ್ತವೆ, ನಿಧಾನವಾಗಿ ಹೊರಗೆ ಬಿಡುತ್ತವೆ.

ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ನಾನು ಬಗ್ಗಿ ಹುಡುಕುವ ವಸ್ತು ಇದೇ: ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ತೇವವನ್ನೂ ತಾಪವನ್ನೂ ಗಂಟೆಗೊಮ್ಮೆ ಬರೆದಿಡುವ ಯಂತ್ರ. ಪೆಟ್ಟಿಗೆಯ ತಳದಲ್ಲಿ ಸಿಲಿಕಾ ಜೆಲ್ ಅಡಗಿಸಿಟ್ಟಿರುತ್ತಾರೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ, ಅದೇ. ಬೇಕಾದಷ್ಟು ತೇವಕ್ಕೆ ಮೊದಲೇ ಹದ ಮಾಡಿಟ್ಟರೆ, ಜಾಸ್ತಿಯಾದಾಗ ಹೀರುತ್ತೆ, ಕಡಿಮೆಯಾದಾಗ ಬಿಡುತ್ತೆ. ಅಜ್ಜಂದಿರು ತಾಳೆಗರಿಯ ಕಟ್ಟನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಹುಳು ಬರದಿರಲಿ ಅಂತ ಬಜೆ ಬೇರಿನ ತುಂಡಿಟ್ಟು, ಪೆಟ್ಟಿಗೆಗೆ ಹಾಕುತ್ತಿದ್ದರಲ್ಲ, ಆ ಬಟ್ಟೆ, ಪೆಟ್ಟಿಗೆಯ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ.

ಪೆಟ್ಟಿಗೆಯೇ ಶತ್ರುವಾಗುವುದೂ ಉಂಟು. ಪ್ಲೈವುಡ್, ಕೆಲವು ಅಂಟು, ಹೊಸ ಪೇಂಟು ಇವೆಲ್ಲ ಹುಳಿ ಆವಿ ಬಿಡುತ್ತಿರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೋಗುವುದೆಲ್ಲಿಗೆ? ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರೂ ಆಡಿ 1970ರ ದಶಕದಲ್ಲಿ ಇದಕ್ಕೊಂದು ಪರೀಕ್ಷೆ ಕಂಡುಹಿಡಿದರು. ಈಗ ಅದನ್ನು ಮಾಡುವುದು ಹೀಗೆ: ಬೆಳ್ಳಿ, ತಾಮ್ರ, ಸೀಸ ಮೂರರ ಸಣ್ಣ ತುಂಡು, ಪೆಟ್ಟಿಗೆಗೆ ಬಳಸುವ ವಸ್ತುವಿನ ಚೂರು, ಒಂಚೂರು ನೀರು, ಎಲ್ಲವನ್ನೂ ಗಾಜಿನ ಕೊಳವೆಯಲ್ಲಿ ಮುಚ್ಚಿ 60 ಡಿಗ್ರಿ ಶಾಖದಲ್ಲಿ 28 ದಿನ ಇಡುವುದು. ಲೋಹ ಮಂಕಾದರೆ ಆ ವಸ್ತು ಬೇಡ. ದಾನಿಗಳು ಪ್ರೀತಿಯಿಂದ ಮಾಡಿಸಿಕೊಟ್ಟ, ಥಳಥಳ ಪಾಲಿಶ್‌ನ ಪೆಟ್ಟಿಗೆಯನ್ನು ಮ್ಯೂಸಿಯಂನವರು ಯಾಕೆ ಕಚೇರಿಯ ಕಡತ ಇಡಲು ಬಳಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ಬೆಳಕಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಂಗಡಿ ಗೋಡೆಯ ಹಳೇ ಕ್ಯಾಲೆಂಡರ್ ನೋಡಿ, ಬಿಸಿಲು ಬಿದ್ದ ಕಡೆ ಲಕ್ಷ್ಮಿಯ ಕೆಂಪು ಸೀರೆ ಹೋಗಿ ಎಲ್ಲ ನೀಲಿಯಾಗಿರುತ್ತದೆ. ಹೋದ ಬಣ್ಣ ಕತ್ತಲಲ್ಲಿಟ್ಟರೆ ವಾಪಸ್ ಬರಲ್ಲ. ಅದಕ್ಕೇ ಕಾಗದ, ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ), ಬಣ್ಣದ ಮರಕ್ಕೆ ಹೆಚ್ಚೆಂದರೆ 200 ಲಕ್ಸ್ ಅನ್ನೋ ಲೆಕ್ಕ. ಮ್ಯೂಸಿಯಂ ಮಬ್ಬಾಗಿರುವುದು ಕರೆಂಟ್ ಉಳಿಸೋದಕ್ಕಲ್ಲ.

ಕೊನೆಗೆ ಅವಳನ್ನು ಎಲ್ಲಿ ಕೂರಿಸಬೇಕು, ಪಕ್ಕದಲ್ಲಿ ಏನು ಬರೆಯಬೇಕು? ಇದು ಕ್ಯುರೇಟರ್, ಅಂದರೆ ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವವರ ಕೆಲಸ, ಅಷ್ಟೇ ತಲೆನೋವಿನದು. 'ಕಿನ್ನಾಳದ ಗೊಂಬೆ' ಅಂದರೆ ಆಟದ ಸಾಮಾನಾಯಿತು. 'ಗೌರಿ ಮೂರ್ತಿ' ಅಂದರೆ ದೇವರಾಯಿತು, ನಾಳೆ ಯಾರೋ ಮುಂದೆ ಒಂದು ರೂಪಾಯಿ ಇಟ್ಟು ಕೈ ಮುಗಿಯುತ್ತಾರೆ. 'ಬಣ್ಣದ ಮರದ ಶಿಲ್ಪ' ಅಂದರೆ ನಮ್ಮ ಅವ್ವನಿಗೆ ಗುರುತೇ ಸಿಗಲ್ಲ. ಫಲಕದಲ್ಲಿ ಸಿಗುವುದು ನಲವತ್ತೈವತ್ತು ಪದದ ಜಾಗ. ಅಷ್ಟರಲ್ಲಿ ಗೌರಿ ಹುಣ್ಣಿಮೆ, ಸಕ್ಕರೆ ಆರತಿ, ಚಿತ್ರಗಾರರು, ಹುಣಸೆ ಬೀಜ ಎಲ್ಲ ಹಿಡಿಸಬೇಕು. ಎತ್ತರವೂ ಮಾತಾಡುತ್ತದೆ. ಗರುಡ ವಾಹನವನ್ನು ಹೆಗಲ ಮೇಲೆ ಹೊರುತ್ತಿದ್ದರು, ಜನ ತಲೆಯೆತ್ತಿ ನೋಡುತ್ತಿದ್ದರು, ಕೆತ್ತಿದವರು ಅದಕ್ಕೆ ತಕ್ಕ ಹಾಗೇ ಕಣ್ಣು ಬರೆದಿದ್ದಾರೆ. ಅದನ್ನು ಮೊಣಕಾಲೆತ್ತರದ ಕಟ್ಟೆ ಮೇಲಿಟ್ಟರೆ ಗರುಡ ನಮ್ಮ ಚಪ್ಪಲಿ ನೋಡುತ್ತಿರುತ್ತಾನೆ.

ಇನ್ನು ಗೌರಿಯ ಹಣೆಯ ಮೇಲೆ ಮೂರು ತಲೆಮಾರಿನ ಕುಂಕುಮ ಗಟ್ಟಿಯಾಗಿ ಕೂತಿದೆ. ಅದನ್ನು ಏನು ಮಾಡುತ್ತಾರೆ? ಬಹುಪಾಲು ಬಿಟ್ಟುಬಿಡುತ್ತಾರೆ. ಅದು ನಮ್ಮಜ್ಜಿಯ ಬೆರಳಿನ ಗುರುತು.

ಅಂದ ಹಾಗೆ ನಮ್ಮ ಗೌರಿ ಯಾವ ಮ್ಯೂಸಿಯಂಗೂ ಹೋಗಿಲ್ಲ. ಕಿನ್ನಾಳಕ್ಕೆ ಒಯ್ದು ಒಬ್ಬ ಹಿರಿಯ ಚಿತ್ರಗಾರರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಪೂರ್ತಿ ಕೆರದು ಹೊಸಾದು ಮಾಡಿಕೊಡ್ತೀನ್ರಿ, ಗುರ್ತ ಸಿಗಬಾರ್ದು ಹಂಗ" ಅಂದರು. ಅವ್ವನಿಗೆ ಅದೇ ಬೇಕಿತ್ತು. ನಾನು ಮುಂದಿನ ವರ್ಷ ಅಂದೆ. ಎರಡು ಹುಣ್ಣಿಮೆ ಹೀಗೇ ಹೋದವು. ಉದುರಿದ ಕೆಂಪು ಪಕಳೆಗಳು ಒಂದು ಹಳೇ ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ ಇವೆ. ಮುಚ್ಚಳದ ಮೇಲೆ ತಾರೀಖು ಬರೆದಿದ್ದೇನೆ, 'ಎಡಗಡೆ ಸೀರೆ ಅಂಚು' ಅಂತಲೂ ಬರೆದಿದ್ದೇನೆ. ಜಗಲಿ ಪಕ್ಕದ ಕಿಟಕಿಗೆ ಅವ್ವ ತನ್ನ ಹಳೇ ಇಳಕಲ್ ಸೀರೆಯ ಪರದೆ ಕಟ್ಟಿದ್ದಾಳೆ.